ಹೂವಿನ ಮ್ಯಾಲ ಕುಂತ ನೊಣ ಯಾವುದು?

ನೊಣ ಅಂದ ಕೂಡಲೇ ನಮಗೆ ಏನು ನೆನಪಾಗುತ್ತದೆ? ತಿಪ್ಪೆ ನೆನಪಾಗುತ್ತದೆ. ಮುಚ್ಚದೆ ಇಟ್ಟ ಬೆಲ್ಲ ನೆನಪಾಗುತ್ತದೆ. "ನೊಣ ಕುಂತದ್ದು ತಿನ್ನಬ್ಯಾಡ್ರಿ" ಎಂದು ಹಿರಿಯರು ಹೇಳುತ್ತಾರೆ. ಅದು ಸರಿಯಾದ ಮಾತು. ಮನೆನೊಣ ಹೊಲಸಿನ ಮೇಲೆ ಕೂತು ಅನ್ನದ ಮೇಲೆ ಬರುತ್ತದೆ. ರೋಗ ತರುತ್ತದೆ.

ಆದರೆ ಎಲ್ಲ ನೊಣಗಳೂ ಮನೆನೊಣ ಅಲ್ಲ. ಹೊಲದ ಬದುವಿಗೆ ಹೋಗಿ ನೋಡಿರಿ. ಅಲ್ಲಿ ತುಂಬಿ ಹೂ ಇದೆ. ಉತ್ತರಾಣಿ ಇದೆ. ತಂಗಡಿ ಗಿಡ ಇದೆ. ಉದ್ದ ದಂಟಿನ ತುದಿಗೆ ಒಂದೇ ಒಂದು ಸಣ್ಣ ಹೂ ಬಿಡುವ ಗಿಡವೂ ಇದೆ. ಅದರ ನಡುವೆ ಹಳದಿ, ಸುತ್ತ ಬಿಳಿ ಎಸಳು. ಮರಾಠಿಯಲ್ಲಿ ಅದಕ್ಕೆ ಏಕದಾಂಡಿ ಅನ್ನುತ್ತಾರೆ. ಈ ಹೂಗಳ ಮೇಲೆ ಸಣ್ಣ ಸಣ್ಣ ನೊಣಗಳು ಬಂದು ಕೂರುತ್ತವೆ. ಕೆಲವು ಜೋಳದ ಕಾಳಿಗಿಂತ ಸಣ್ಣವು.

ಇವುಗಳಲ್ಲಿ ಕೆಲವು ರೈತನ ಗೆಳೆಯರು. ಕೆಲವು ವೈರಿಗಳು. ನೋಡಲು ಎರಡೂ ಒಂದೇ ತರಹ ಕಾಣುತ್ತವೆ. ಗುರುತು ಸಿಗದೆ ನಾವು ಔಷಧ ಹೊಡೆಯುತ್ತೇವೆ. ಆಗ ಗೆಳೆಯನೂ ಸಾಯುತ್ತಾನೆ. ರೊಕ್ಕವೂ ಹೋಗುತ್ತದೆ. ಅದಕ್ಕೇ ಗುರುತು ಕಲಿಯಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಮನೆಯಲ್ಲಿರುವ ಮೊಬೈಲ್ ಫೋನು, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ನೊಣವೋ? ಜೇನೋ?

ಮೊದಲು ಒಂದು ವಿಷಯ ತಿಳಿಯೋಣ. ಹೂವಿನ ಮೇಲೆ ಹಳದಿ-ಕಪ್ಪು ಪಟ್ಟಿಯ ಹುಳ ಕಂಡರೆ ಜೇನು ಅಥವಾ ಕಣಜ ಎಂದು ಹೆದರುತ್ತೇವೆ. ಎಷ್ಟೋ ಸಲ ಅದು ನೊಣವೇ ಆಗಿರುತ್ತದೆ. ಅದಕ್ಕೆ ಮುಳ್ಳಿಲ್ಲ. ಅದು ಕಡಿಯುವುದಿಲ್ಲ. ಕಣಜದ ವೇಷ ಇದ್ದರೆ ಹಕ್ಕಿಗಳು ಹೆದರಿ ದೂರ ಇರುತ್ತವೆ. ಬಯಲಾಟದಲ್ಲಿ ಬಣ್ಣ ಬಳಿದುಕೊಂಡು ರಾಕ್ಷಸನಾದ ಹಾಗೆ ಇದು.

ಗುರುತಿಸಲು ಮೂರು ಅಂಗ ನೋಡಿರಿ.

1. ರೆಕ್ಕೆ: ಜೇನಿಗೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ ರೆಕ್ಕೆ. ಇನ್ನೆರಡು ರೆಕ್ಕೆಯ ಜಾಗದಲ್ಲಿ ಸಣ್ಣ ಗುಂಡಿಯಂಥ ಎರಡು ಕಡ್ಡಿ ಇರುತ್ತವೆ. ಹಾರುವಾಗ ತೋಲ ತಪ್ಪದಂತೆ ಅವು ಕಾಯುತ್ತವೆ.

2. ಮೀಸೆ: ಜೇನಿನ ಮೀಸೆ ಉದ್ದ, ಮೊಣಕೈಯಂತೆ ಮಡಚಿರುತ್ತದೆ. ಹೂವಿನ ಮೇಲಿನ ಹೆಚ್ಚಿನ ನೊಣಗಳ ಮೀಸೆ ಗಿಡ್ಡ. ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ.

3. ಕಣ್ಣು: ನೊಣದ ಕಣ್ಣು ಬಹಳ ದೊಡ್ಡದು. ತಲೆಯೆಲ್ಲ ಕಣ್ಣೇ ಅನ್ನಿಸುತ್ತದೆ.

ಇನ್ನೊಂದು ಗುರುತು ಹಾರಾಟ. ಗಾಳಿಯಲ್ಲಿ ಒಂದೇ ಕಡೆ ನಿಂತು, ಅತ್ತ ಇತ್ತ ಅಲುಗದೆ ತೇಲುವ ನೊಣ ನೋಡಿದ್ದೀರಾ? ಅದನ್ನು ಕೃಷಿ ಇಲಾಖೆಯವರು ಸಿರ್ಫಿಡ್ ನೊಣ ಅನ್ನುತ್ತಾರೆ. ನಾವು ಇಲ್ಲಿ ಹೂನೊಣ ಎಂದು ಕರೆಯೋಣ. ಜಗತ್ತಿನಲ್ಲಿ ಸುಮಾರು 6,000 ಬಗೆಯ ಹೂನೊಣಗಳಿವೆ. ನಮ್ಮ ದೇಶದಲ್ಲಿಯೇ 300ಕ್ಕಿಂತ ಹೆಚ್ಚು ಬಗೆ ಇವೆ.

ಹೂನೊಣ ಮಾಡುವ ಕೆಲಸ

ಉಮರ್ಗಾ, ನಿಲಂಗಾ, ಉದಗೀರ ಭಾಗದ ಎರಿ ಹೊಲದಲ್ಲಿ ಹಿಂಗಾರಿಗೆ ಕುಸುಬಿ ಹಾಕುವುದು ಹಳೆಯ ಪದ್ಧತಿ. ಮರಾಠಿಯಲ್ಲಿ ಅದಕ್ಕೆ ಕರಡಈ ಅನ್ನುತ್ತಾರೆ. ಈಗ ಸೋಯಾಬೀನ್ ಹೆಚ್ಚಾಗಿ ಕುಸುಬಿ ಕಡಿಮೆಯಾಗಿದೆ. ಆದರೂ ಬೆಳೆಯುವವರು ಇದ್ದಾರೆ. ಕುಸುಬಿಗೆ ದೊಡ್ಡ ಕಾಟ ಎಂದರೆ ಮಾವಾ.

ಈ ಮಾವಾ ಎಂದರೆ ಸೋದರಮಾವ ಅಲ್ಲ! ಕನ್ನಡದಲ್ಲಿ ಇದಕ್ಕೆ ಹೇನು ಅನ್ನುತ್ತಾರೆ. ಕುಸುಬಿಯ ಹೇನು ಕಪ್ಪಗಿರುತ್ತದೆ. ಕುಡಿಗೆ ಮುತ್ತಿ ರಸ ಹೀರುತ್ತದೆ. ಎಲೆಯ ಮೇಲೆ ಅಂಟು ಬೀಳುತ್ತದೆ. ಗಿಡ ಸೊರಗುತ್ತದೆ.

ಹೂನೊಣದ ತಾಯಿ ಹೂವಿನ ಹುಡಿ ಮತ್ತು ಮಕರಂದ ತಿಂದು ಬದುಕುತ್ತದೆ. ಹುಡಿ ತಿಂದರೆ ಅದರ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತವೆ. ಮೊಟ್ಟೆ ಇಡಲು ಅದು ಹೇನು ಇರುವ ಕುಡಿಯನ್ನು ಹುಡುಕುತ್ತದೆ. ಹೇನಿನ ಹತ್ತಿರ ಒಂದೊಂದೇ ಬಿಳಿ ಮೊಟ್ಟೆ ಇಡುತ್ತದೆ. ಅದು ಸಣ್ಣ ಅಕ್ಕಿ ನುಚ್ಚಿನಂತೆ ಕಾಣುತ್ತದೆ. ಎರಡು-ಮೂರು ದಿನಕ್ಕೆ ಮೊಟ್ಟೆಯೊಡೆದು ಹುಳ ಬರುತ್ತದೆ.

ಈ ಹುಳಕ್ಕೆ ಕಾಲಿಲ್ಲ. ಮುಂದಿನ ತುದಿ ಚೂಪು, ಹಿಂದೆ ದಪ್ಪ. ಹಸಿರು ಇಲ್ಲವೆ ಮಣ್ಣಿನ ಬಣ್ಣ. ಅದು ಎಲೆ ತಿನ್ನುವುದಿಲ್ಲ. ಹೇನನ್ನು ಹಿಡಿದು, ಮೇಲೆತ್ತಿ, ರಸ ಹೀರಿ, ಸಿಪ್ಪೆ ಬಿಸಾಡುತ್ತದೆ. ಒಂದು ಹುಳ ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿನ್ನುತ್ತದೆ. ಕೂಲಿ ಕೇಳದೆ ಹಗಲು ರಾತ್ರಿ ದುಡಿಯುವ ಆಳು ಇದು.

ಆದರೆ ನಮಗೆ ಹುಳ ಕಂಡರೆ ಸಾಕು, ಬೆಳೆಗೆ ಹುಳ ಬಿತ್ತು ಅನ್ನುತ್ತೇವೆ. ಒಬ್ಬ ಅತ್ತೆ ಮತ್ತು ಸೊಸೆ ಹೊಲದಲ್ಲಿ ಹೀಗೆ ಮಾತಾಡುತ್ತಾರೆ ಅಂದುಕೊಳ್ಳಿ.

ಅತ್ತೆ: ಏ, ಇಲ್ಲಿ ನೋಡು. ಕುಸುಬಿಗಿ ಮಾವಾ ಬಿದ್ದದ. ಅದರಾಗ ಹಸಿರು ಹುಳಾನೂ ಅದಾವ. ನಾಳೆ ಎಣ್ಣಿ ಹೊಡೀಬೇಕು.

ಸೊಸೆ: ತಡೀರಿ ಅತ್ತಿ. ಹುಳಾ ಎಲಿ ಮ್ಯಾಲ ಇಲ್ಲ, ಮಾವಾದ ನಡುವ ಅದ. ಎಲಿ ಎಲ್ಲೂ ಕಡದಿಲ್ಲ ನೋಡ್ರಿ.

ಅತ್ತೆ: ಹೌದಲ್ಲ! ಮತ್ತ ಏನ್ ತಿಂತದ ಇದು?

ಸೊಸೆ: ಮಾವಾನೇ ತಿಂತದ. ಇದು ಹೂನೊಣದ ಮರಿ ಇದ್ದಂಗ ಅದ. ಮೊದಲ ಫೋಟೋ ತಗೀತೀನಿ. ತಾಲೂಕಿನ ಕೃಷಿ ಆಫೀಸಿನಾಗ ತೋರಸೋಣ. ಅವ್ರು ಏನ್ ಅಂತಾರ ಕೇಳಿ ಆಮ್ಯಾಲ ಹೊಡಿಯೋಣಂತ್ರಿ.

ಅತ್ತೆ: ಆಯ್ತವ್ವಾ. ಎರಡು ದಿನ ತಡದ್ರ ಏನೂ ಹೋಗಂಗಿಲ್ಲ. ಹೊಡದ್ರ ಮಾತ್ರ ರೊಕ್ಕ ಹೋಗ್ತದ.

ಈ ಸೊಸೆ ಏನು ಮಾಡಿದಳು? ಹುಳ ಎಲ್ಲಿದೆ ನೋಡಿದಳು. ಎಲೆ ಕಡಿದಿದೆಯೋ ಇಲ್ಲವೋ ನೋಡಿದಳು. ಗುರುತು ಹಿಡಿಯುವುದು ಅಂದರೆ ಇದೇ.

ವೈರಿ ನೊಣಗಳೂ ಇವೆ

ಎಲ್ಲ ನೊಣಗಳೂ ಒಳ್ಳೆಯವು ಎಂದು ತಿಳಿಯಬೇಡಿ. ಜೋಳದ ಸುಳಿ ನೊಣ ನಿಮಗೆ ಗೊತ್ತೇ ಇದೆ. ಅದು ಬೂದು ಬಣ್ಣದ ಸಣ್ಣ ನೊಣ. ಅದರ ಹುಳ ಎಳೆ ಜೋಳದ ಸುಳಿಯನ್ನು ಕತ್ತರಿಸುತ್ತದೆ. ಸುಳಿ ಒಣಗುತ್ತದೆ. ಎಳೆದರೆ ಕೈಗೆ ಬರುತ್ತದೆ.

ತೊಗರಿಗೆ ಕಾಯಿ ನೊಣ ಇದೆ. ಅದು ಕಪ್ಪಗೆ, ಬಹಳ ಸಣ್ಣದು. ಎಳೆ ಕಾಯಿಯೊಳಗೆ ಮೊಟ್ಟೆ ಇಡುತ್ತದೆ. ಹುಳ ಒಳಗೇ ಕಾಳು ತಿನ್ನುತ್ತದೆ. ಕಾಯಿ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಕುಸುಬಿಗೂ ಒಂದು ವೈರಿ ನೊಣ ಇದೆ. ಅದು ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ. ಹುಳ ಮೊಗ್ಗಿನ ಒಳಗೆ ತಿನ್ನುತ್ತದೆ. ಮೊಗ್ಗು ಕೊಳೆತು ಕೆಟ್ಟ ವಾಸನೆಯ ನೀರು ಬರುತ್ತದೆ. ಈ ನೊಣ ಬೂದಿ ಬಣ್ಣದ್ದು. ಇದರ ರೆಕ್ಕೆಯ ಮೇಲೆ ಚುಕ್ಕೆಗಳಿವೆ. ಈ ಚುಕ್ಕೆಯನ್ನು ನೆನಪಿಡಿರಿ.

ಒಂದೇ ಕುಸುಬಿ ಗಿಡದ ಮೇಲೆ ಗೆಳೆಯ ನೊಣವೂ ಕೂರುತ್ತದೆ, ವೈರಿ ನೊಣವೂ ಕೂರುತ್ತದೆ. ಬರಿಗಣ್ಣಿಗೆ ಎರಡೂ ಸಣ್ಣ ನೊಣ. ಫೋಟೋ ತೆಗೆದು ದೊಡ್ಡದು ಮಾಡಿದರೆ ಬೇರೆ ಬೇರೆ. ಒಂದರ ರೆಕ್ಕೆ ಗಾಜಿನಂತೆ ತಿಳಿ. ಇನ್ನೊಂದರ ರೆಕ್ಕೆಯಲ್ಲಿ ಚುಕ್ಕೆ.

ಫೋಟೋ ತೆಗೆಯುವುದು ಹೇಗೆ?

ನೊಣ ನಮ್ಮ ಮಾತು ಕೇಳುವುದಿಲ್ಲ. "ಸ್ವಲ್ಪ ನಿಲ್ಲವ್ವಾ" ಅಂದರೆ ನಿಲ್ಲುವುದಿಲ್ಲ. ಅದಕ್ಕೆ ಕೆಲವು ಉಪಾಯಗಳಿವೆ.

ಹೊತ್ತು: ಬೆಳಗ್ಗೆ ಬಿಸಿಲು ಏರುವ ಮೊದಲು ಹೋಗಿರಿ. ತಂಪಿನಲ್ಲಿ ನೊಣ ಮಂದವಾಗಿರುತ್ತದೆ. ಬೇಗ ಹಾರುವುದಿಲ್ಲ. ಗಾಳಿಯೂ ಕಡಿಮೆ ಇರುತ್ತದೆ.

ಜಾಗ: ಒಂದು ಹೂವಿನ ಹತ್ತಿರ ಸುಮ್ಮನೆ ಕೂತುಕೊಳ್ಳಿ. ನೊಣದ ಬೆನ್ನು ಹತ್ತಿ ಓಡಬೇಡಿ. ಹಾರಿದ ನೊಣ ಎಷ್ಟೋ ಸಲ ಅದೇ ಹೂವಿಗೆ ಮರಳಿ ಬರುತ್ತದೆ. ಕೂರುವ ಮೊದಲು ಸುತ್ತ ನೋಡಿರಿ. ಬದುವಿನ ಹುಲ್ಲಿನಲ್ಲಿ ಹಾವು, ಚೇಳು ಇರಬಹುದು.

ನೆರಳು: ನಿಮ್ಮ ನೆರಳು ಹೂವಿನ ಮೇಲೆ ಬೀಳಬಾರದು. ನೆರಳು ಬಿದ್ದರೆ ನೊಣ ಹಾರುತ್ತದೆ.

ದೂರ: ಫೋನನ್ನು ಹೂವಿನಿಂದ ಅರ್ಧ ಗೇಣು ದೂರ ಹಿಡಿಯಿರಿ. ಬಹಳ ಹತ್ತಿರ ಹಿಡಿದರೆ ಚಿತ್ರ ಮಸುಕಾಗುತ್ತದೆ. ನಿಧಾನಕ್ಕೆ ಮುಂದೆ ಸರಿಯಿರಿ.

ಕೈ: ಮೊಣಕೈಯನ್ನು ಮೊಣಕಾಲಿನ ಮೇಲೆ ಊರಿರಿ. ಕೈ ನಡುಗುವುದಿಲ್ಲ. ಹೂ ಅಲುಗಾಡಿದರೆ ಇನ್ನೊಂದು ಕೈಯಿಂದ ದಂಟನ್ನು ಮೆಲ್ಲಗೆ ಹಿಡಿಯಿರಿ. ಹೂ ಕೀಳಬೇಡಿ.

ಪರದೆ: ಫೋನಿನ ಪರದೆಯಲ್ಲಿ ನೊಣ ಕಾಣುವ ಜಾಗಕ್ಕೆ ಬೆರಳಿನಿಂದ ಒಮ್ಮೆ ಮುಟ್ಟಿರಿ. ಆಗ ನೊಣ ಸ್ಪಷ್ಟವಾಗುತ್ತದೆ. ಆಮೇಲೆ ಗುಂಡಿ ಒತ್ತಿರಿ. ಒಂದಕ್ಕೆ ತೃಪ್ತಿಪಡಬೇಡಿ. ಹತ್ತು ಫೋಟೋ ತೆಗೆದರೆ ಒಂದು ಚೆನ್ನಾಗಿ ಬರುತ್ತದೆ. ಉಳಿದದ್ದನ್ನು ಅಳಿಸಬಹುದು.

ಯಾವ ಯಾವ ಕಡೆಯಿಂದ ತೆಗೆಯಬೇಕು? ನಾಲ್ಕು ಫೋಟೋ ಬೇಕು.

ಮೊದಲನೆಯದು ಮೇಲಿನಿಂದ. ಇದರಲ್ಲಿ ಬೆನ್ನು ಮತ್ತು ರೆಕ್ಕೆ ಕಾಣಬೇಕು. ಎರಡನೆಯದು ಪಕ್ಕದಿಂದ. ಇದರಲ್ಲಿ ಕಾಲು, ಹೊಟ್ಟೆ ಕಾಣಬೇಕು. ಮೂರನೆಯದು ಎದುರಿನಿಂದ. ಇದರಲ್ಲಿ ಕಣ್ಣು, ಮೀಸೆ ಕಾಣಬೇಕು. ನಾಲ್ಕನೆಯದು ಹೂವು ಮತ್ತು ಎಲೆಯದು. ಯಾವ ಗಿಡ ಎಂದು ಗೊತ್ತಾದರೆ ನೊಣ ಗುರುತಿಸುವುದು ಸುಲಭ.

ಒಂದು ಎಚ್ಚರಿಕೆ. ಕಾಂಗ್ರೆಸ್ ಕಸದ ಬಿಳಿ ಹೂವಿಗೂ ನೊಣಗಳು ಬರುತ್ತವೆ. ಆ ಗಿಡ ಮುಟ್ಟಿದರೆ ಕೆಲವರಿಗೆ ತುರಿಕೆ, ಸೀನು ಬರುತ್ತದೆ. ಅಲ್ಲಿ ದೂರ ನಿಂತು ಫೋಟೋ ತೆಗೆಯಿರಿ.

ಫೋಟೋ ನೋಡಿ ಗುರುತು ಹಿಡಿಯಿರಿ

ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿರಿ. ಆಮೇಲೆ ಈ ಪಟ್ಟಿಯ ಜೊತೆ ಹೋಲಿಸಿರಿ.

ಹೂನೊಣ: ಹೊಟ್ಟೆಯ ಮೇಲೆ ಹಳದಿ-ಕಪ್ಪು ಪಟ್ಟಿ. ರೆಕ್ಕೆ ತಿಳಿ. ರೆಕ್ಕೆಯ ಹಿಂದಿನ ಅಂಚಿಗೆ ಸಮನಾಗಿ ಒಂದು ಗೆರೆ ಓಡುತ್ತದೆ. ಗಾಳಿಯಲ್ಲಿ ನಿಂತು ತೇಲುತ್ತದೆ. ಬಹಳಷ್ಟು ಬಗೆಗಳಲ್ಲಿ ಗಂಡಿನ ಎರಡೂ ಕಣ್ಣು ನೆತ್ತಿಯ ಮೇಲೆ ಕೂಡಿರುತ್ತವೆ. ಹೆಣ್ಣಿನ ಕಣ್ಣುಗಳ ನಡುವೆ ಸಂದು ಇರುತ್ತದೆ.

ಚುಕ್ಕೆ ಕಣ್ಣಿನ ಹೂನೊಣ: ಇದು ಜೇನಿನಷ್ಟು ದಪ್ಪ. ಕಣ್ಣಿನ ಮೇಲೆ ಚುಕ್ಕೆ ಇಲ್ಲವೆ ಗೆರೆ ಇರುತ್ತವೆ. ಇದರ ಹುಳ ಹೇನು ತಿನ್ನುವುದಿಲ್ಲ. ಕೊಳಚೆ ನೀರಿನಲ್ಲಿ ಬೆಳೆಯುತ್ತದೆ. ಉಸಿರಾಡಲು ಅದಕ್ಕೆ ಉದ್ದ ಬಾಲ ಇರುತ್ತದೆ. ದೊಡ್ಡದಾದ ಮೇಲೆ ಹೂವಿನಿಂದ ಹೂವಿಗೆ ಹುಡಿ ಒಯ್ಯುತ್ತದೆ.

ಚಿತ್ರ ರೆಕ್ಕೆಯ ನೊಣ: ರೆಕ್ಕೆಯ ಮೇಲೆ ಚುಕ್ಕೆ ಇಲ್ಲವೆ ಪಟ್ಟಿ. ಕೂತಲ್ಲೇ ರೆಕ್ಕೆ ಆಡಿಸುತ್ತದೆ. ಹೆಣ್ಣಿನ ಹಿಂದೆ ಮೊಟ್ಟೆ ಇಡುವ ಚೂಪು ಕೊಳವೆ. ಕುಸುಬಿ ಮೊಗ್ಗಿನ ವೈರಿ ಈ ಗುಂಪಿನದು.

ಮುಳ್ಳುಗೂದಲ ನೊಣ: ಮನೆನೊಣದಂತೆ ಕಾಣುತ್ತದೆ. ಆದರೆ ಬೆನ್ನಿನ ಮೇಲೆ, ಹೊಟ್ಟೆಯ ತುದಿಗೆ ಬಿರುಸು ಕೂದಲು. ಈ ಗುಂಪಿನ ಕೆಲವು ನೊಣಗಳ ಹುಳ ತೊಗರಿಯ ಕಾಯಿಕೊರಕ ಹುಳದ ಮೈಯೊಳಗೆ ಬೆಳೆದು ಅದನ್ನು ಕೊಲ್ಲುತ್ತವೆ. ಇದು ಗೆಳೆಯ.

ಹಸಿರು ಹೊಳಪಿನ ನೊಣ: ಇದರಲ್ಲಿ ಎರಡು ಜಾತಿ. ದಪ್ಪಗೆ ಇದ್ದು ಹೊಲಸಿನ ಮೇಲೂ ಕೂರುವುದು ಒಂದು. ಇದನ್ನು ಊಟದಿಂದ ದೂರ ಇಡಬೇಕು. ತೆಳ್ಳಗೆ, ಉದ್ದ ಕಾಲಿನದು ಇನ್ನೊಂದು. ಅದು ಎಲೆಯ ಮೇಲೆ ಕೂತು ಸಣ್ಣ ಹುಳಗಳನ್ನು ಹಿಡಿದು ತಿನ್ನುತ್ತದೆ.

ತುಪ್ಪಳದ ನೊಣ: ಮೈತುಂಬ ಕೂದಲು. ಮುಂದೆ ಸೂಜಿಯಂಥ ಉದ್ದ ಬಾಯಿ. ಆಳವಾದ ಹೂವಿನ ಮಕರಂದವನ್ನೂ ಹೀರುತ್ತದೆ. ಬೇರೆ ನೊಣಗಳ ಬಾಯಿ ಗಿಡ್ಡ. ಅದಕ್ಕೇ ಅವು ಕೊತ್ತಂಬರಿ, ಬಡೆಸೋಪು, ಮಾವಿನಂಥ ತೆರೆದ ಸಣ್ಣ ಹೂಗಳಿಗೆ ಹೋಗುತ್ತವೆ.

ಪೂರ್ತಿ ಹೆಸರು ತಿಳಿಯದಿದ್ದರೂ ಚಿಂತೆ ಬೇಡ. ಫೋಟೋ ನೋಡಿ ಪೂರ್ತಿ ಹೆಸರು ಹೇಳುವುದು ಎಷ್ಟೋ ಸಲ ಪಂಡಿತರಿಗೂ ಆಗುವುದಿಲ್ಲ. ನಮಗೆ ಗುಂಪು ಗೊತ್ತಾದರೆ ಸಾಕು.

ಹೊಲದ ನೋಟ್‌ಬುಕ್

ಫೋಟೋ ತೆಗೆದ ದಿನವೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಬರೆಯದಿದ್ದರೆ ಎಂಟು ದಿನಕ್ಕೆ ಮರೆತು ಹೋಗುತ್ತದೆ. ಮಾದರಿ ಹೀಗಿದೆ.

ದಿನಾಂಕ: ಡಿಸೆಂಬರ್ 12
ಹೊತ್ತು: ಬೆಳಗ್ಗೆ 8 ಗಂಟೆ
ಹೊಲ: ಹಳ್ಳದ ಕಡೆಯ ಬದು
ಹೂವು: ಕೊತ್ತಂಬರಿ
ನೊಣದ ಗಾತ್ರ: ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು
ರೆಕ್ಕೆ: ತಿಳಿ, ಚುಕ್ಕೆ ಇಲ್ಲ
ಹತ್ತಿರದ ಬೆಳೆ: ಕುಸುಬಿ, ಮಾವಾ ಇದೆ

ಇಷ್ಟು ಬರೆಯಲು ಐದು ನಿಮಿಷ ಸಾಕು. ಎರಡು ವರ್ಷ ಬರೆದರೆ ನಿಮ್ಮ ಹೊಲಕ್ಕೆ ಮಾವಾ ಯಾವಾಗ ಬರುತ್ತದೆ, ಹೂನೊಣ ಯಾವಾಗ ಬರುತ್ತದೆ ಎಂದು ನಿಮಗೇ ತಿಳಿಯುತ್ತದೆ. ಇದನ್ನು ಯಾವ ಅಂಗಡಿಯವನೂ ಹೇಳಲಾರ. ಅಕ್ಷರ ಕಲಿತದ್ದಕ್ಕೆ ಇದು ದೊಡ್ಡ ಫಲ.

ನಮ್ಮ ದೇಶದ ಹೂನೊಣಗಳ ಬಗ್ಗೆ ಮೊದಲ ದೊಡ್ಡ ಪುಸ್ತಕ ಬರೆದವರು ಎನ್ರಿಕೊ ಬ್ರುನೆಟ್ಟಿ. ಅವರು ಸಂಗೀತಗಾರರು. ಕಲ್ಕತ್ತಾದಲ್ಲಿದ್ದು ನೊಣಗಳನ್ನು ನೋಡಿ ನೋಡಿ ಬರೆದಿಟ್ಟರು. ಆ ಪುಸ್ತಕ 1923ರಲ್ಲಿ ಅಚ್ಚಾಯಿತು. ತಾಳ್ಮೆಯಿಂದ ನೋಡಿ ಬರೆಯುವ ಕೆಲಸ ನಾವೂ ಮಾಡಬಹುದು.

ಯಾರಿಗೆ ತೋರಿಸಬೇಕು?

ನಿಮಗೆ ಗುರುತು ಸಿಗದಿದ್ದರೆ ಫೋಟೋ ಮತ್ತು ನೋಟ್‌ಬುಕ್ ಎರಡನ್ನೂ ಒಯ್ಯಿರಿ. ತಾಲೂಕಿನ ಕೃಷಿ ಅಧಿಕಾರಿಗಳ ಆಫೀಸಿನಲ್ಲಿ ತೋರಿಸಿರಿ. ನಿಲಂಗಾ, ಉದಗೀರ ತಾಲೂಕಿನವರು ಲಾತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಉಮರ್ಗಾ ತಾಲೂಕು ಧಾರಾಶಿವ ಜಿಲ್ಲೆಯದು. ಆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ತುಳಜಾಪುರದಲ್ಲಿದೆ. ಪರಭಣಿಯಲ್ಲಿ ಕೃಷಿ ವಿದ್ಯಾಪೀಠ ಇದೆ. ಕಿಸಾನ್ ಕಾಲ್ ಸೆಂಟರ್ ಎಂಬ ಸರಕಾರದ ಸೇವೆಯೂ ಇದೆ. ಅದರ ನಂಬರು 1800-180-1551. ಈ ಕರೆಗೆ ದುಡ್ಡು ಬೀಳುವುದಿಲ್ಲ.

ಓದಿದ ಮಕ್ಕಳು ಮನೆಯಲ್ಲಿದ್ದರೆ ಐನ್ಯಾಚುರಲಿಸ್ಟ್ ಎಂಬ ಆಪ್‌ನಲ್ಲಿ ಫೋಟೋ ಹಾಕಲು ಹೇಳಿರಿ. ಬೇರೆ ಬೇರೆ ದೇಶದ ಬಲ್ಲವರು ಅದನ್ನು ನೋಡಿ ಗುರುತು ಹೇಳುತ್ತಾರೆ.

ಮೊದಲು ನೋಟ, ಆಮೇಲೆ ಔಷಧ

ಬೇಡದ ಔಷಧದಿಂದ ಹೊಲಕ್ಕೆ ಮಾತ್ರ ನಷ್ಟ ಅಲ್ಲ. 2017ರಲ್ಲಿ ನಮ್ಮದೇ ರಾಜ್ಯದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷ ಮೈಗೆ ಏರಿತು. ಅನೇಕ ರೈತರು, ಕೂಲಿಯವರು ಜೀವ ಕಳೆದುಕೊಂಡರು. ಔಷಧದ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು ಅದು ಬೇಕೋ ಬೇಡವೋ ಎಂದು ತಿಳಿಯುವುದು ಜೀವದ ಪ್ರಶ್ನೆ.

ಹಾಗಂತ ಹೂನೊಣ ಇದ್ದರೆ ಸಾಕು, ಏನೂ ಮಾಡಬೇಕಿಲ್ಲ ಎಂದಲ್ಲ. ಮಾವಾ ಬಹಳ ಹೆಚ್ಚಾದರೆ ಹೂನೊಣ ಒಂದರಿಂದ ಆಗುವುದಿಲ್ಲ. ಕುಸುಬಿಯನ್ನು ತಡಮಾಡದೆ ಸರಿಯಾದ ಹದಕ್ಕೆ ಬಿತ್ತಿದರೆ ಮಾವಾ ಕಡಿಮೆ ಬೀಳುತ್ತದೆ. ಮಾವಾ ಮೊದಲು ಬದುವಿನ ಕಡೆಯ ಸಾಲಿನಲ್ಲಿ ಕಾಣುತ್ತದೆ. ವಾರಕ್ಕೆ ಎರಡು ಸಲ ಆ ಸಾಲು ನೋಡಿರಿ. ಗೆಳೆಯ ಹುಳ ಇಲ್ಲದ, ಮಾವಾ ತುಂಬಿದ ಕುಡಿಗಳನ್ನು ಮುರಿದು ನಾಶ ಮಾಡಿರಿ. ಔಷಧ ಬೇಕೇ ಬೇಕು ಎಂದು ಕೃಷಿ ಇಲಾಖೆಯವರು ಹೇಳಿದರೆ, ಅವರು ಹೇಳಿದ್ದನ್ನೇ, ಹೇಳಿದಷ್ಟೇ ಹೊಡೆಯಿರಿ. ಜೇನು, ನೊಣ ಮನೆ ಸೇರಿದ ಮೇಲೆ, ಸಂಜೆ ಹೊತ್ತು ಹೊಡೆಯಿರಿ. ಮೂಗು-ಬಾಯಿ ಮುಚ್ಚಿಕೊಳ್ಳಿರಿ. ಕೈಗೆ ಕೈಚೀಲ ಹಾಕಿಕೊಳ್ಳಿರಿ.

ಬದುವಿನ ಎಲ್ಲ ಗಿಡಗಳನ್ನೂ ಕಿತ್ತು ಬೋಳು ಮಾಡಬೇಡಿ. ಕಾಂಗ್ರೆಸ್ ಕಸ ತೆಗೆಯಿರಿ. ತುಂಬಿ, ಏಕದಾಂಡಿ ಇರಲಿ. ಬೆಳೆಯ ಪಕ್ಕ ಒಂದು ಸಾಲು ಕೊತ್ತಂಬರಿ ಹಾಕಿ ಹೂವಿಗೆ ಬಿಡಿರಿ. ಗೆಳೆಯ ನೊಣಗಳಿಗೆ ಊಟ ಸಿಗುತ್ತದೆ. ಮನೆಗೆ ಕೊತ್ತಂಬರಿ ಬೀಜವೂ ಸಿಗುತ್ತದೆ.

ಹೊಸ ಪದಗಳು

ಮಕರಂದ – ಹೂವಿನ ಸಿಹಿ ರಸ
ಹುಡಿ – ಹೂವಿನ ಪುಡಿ, ಪರಾಗ
ಮಾವಾ – ಹೇನು, ಗಿಡದ ರಸ ಹೀರುವ ಸಣ್ಣ ಹುಳ
ಬದು – ಹೊಲದ ಅಂಚಿನ ಮಣ್ಣಿನ ಒಡ್ಡು
ತೋಲ – ಸಮತೂಕ

ಉತ್ತರ ಬರೆಯಿರಿ

1. ನೊಣಕ್ಕೆ ಎಷ್ಟು ರೆಕ್ಕೆ? ಜೇನಿಗೆ ಎಷ್ಟು?
2. ಹೂನೊಣದ ಹುಳ ಏನು ತಿನ್ನುತ್ತದೆ?
3. ಕುಸುಬಿ ಮೊಗ್ಗಿನ ವೈರಿ ನೊಣದ ರೆಕ್ಕೆ ಹೇಗಿರುತ್ತದೆ?
4. ಒಂದು ನೊಣದ ಎಷ್ಟು ಫೋಟೋ ಬೇಕು? ಯಾವ ಯಾವ ಕಡೆಯಿಂದ?

ಮಾಡಿ ನೋಡಿರಿ

ನಾಳೆ ಬೆಳಗ್ಗೆ ಒಂದು ಹೂವಿನ ಹತ್ತಿರ ಹತ್ತು ನಿಮಿಷ ಕೂತುಕೊಳ್ಳಿ. ಎಷ್ಟು ಬಗೆಯ ನೊಣ ಬಂದವು ಎಣಿಸಿರಿ. ನೋಟ್‌ಬುಕ್‌ನಲ್ಲಿ ಬರೆಯಿರಿ. ಕಲಿಕೆ ಕೇಂದ್ರಕ್ಕೆ ತಂದು ಎಲ್ಲರಿಗೂ ಓದಿ ಹೇಳಿರಿ.